ಕೈ ತೊಳೆಯಲು ಹೇಳಿದ ವೈದ್ಯ

ನಮ್ಮ ತಂದೆಯವರು ತಮ್ಮ ತಾಯಿಯ ಮುಖವನ್ನು ಕಂಡವರಲ್ಲ. ಅವರು ಹುಟ್ಟಿದ ಹತ್ತನೆಯ ದಿನ ನಮ್ಮ ಅಜ್ಜಿ ಬಾಣಂತಿ ಸನ್ನಿಯಿಂದ ತೀರಿಕೊಂಡರೆಂದು ಮನೆಯಲ್ಲಿ ಹೇಳುತ್ತಿದ್ದರು. ಮೂರನೆಯ ದಿನ ಚಳಿ ಬಂದು ಮೈ ನಡುಗಿತು. ಐದನೆಯ ದಿನ ಹೊಟ್ಟೆ ಉಬ್ಬಿತು. ಆಮೇಲೆ ಮಾತು ತಪ್ಪಿತು. ಬಾಣಂತಿಯ ಕೋಣೆಯ ಕಿಟಕಿಯನ್ನು ಯಾರೋ ತೆರೆದಿಟ್ಟದ್ದರಿಂದ ಶೀತಗಾಳಿ ಸೋಕಿತೆಂದು ಹಿರಿಯರ ತೀರ್ಮಾನ. ಆ ಕಿಟಕಿಯನ್ನು ತೆರೆದವರು ಯಾರು ಎಂಬ ಬಗ್ಗೆ ಎರಡು ತಲೆಮಾರಿನವರೆಗೆ ನಮ್ಮ ಮನೆತನದಲ್ಲಿ ಸಣ್ಣದೊಂದು ಮನಸ್ತಾಪ ಉಳಿದುಬಂದಿತ್ತು.

ಕಳೆದ ವರ್ಷ ನನ್ನ ತಂಗಿಯ ಮಗಳಿಗೆ ಹೆರಿಗೆಯಾದ ಮೂರನೆಯ ದಿನ ಅದೇ ಚಳಿ, ಅದೇ ಜ್ವರ ಕಾಣಿಸಿಕೊಂಡಾಗ ಈ ಹಳೆಯ ಕಥೆ ನನ್ನೆದೆಯಲ್ಲಿ ಎದ್ದು ಕುಳಿತಿತು. ಆಸ್ಪತ್ರೆಯವರು ಅವಳ ಎರಡು ತೋಳುಗಳಿಂದಲೂ ರಕ್ತ ತೆಗೆದು ಸೀಸೆಗಳಿಗೆ ತುಂಬಿದರು. ರಕ್ತಕ್ಕೆ ಸೋಂಕು ತಗುಲಿರಬಹುದು, ಅದು ಯಾವ ಕ್ರಿಮಿಯಿಂದ ಎಂಬುದು ತಿಳಿಯಲು ಎರಡು ಮೂರು ದಿನಗಳಾದರೂ ಬೇಕು, ಅಲ್ಲಿಯವರೆಗೆ ಹಲವು ಬಗೆಯ ಕ್ರಿಮಿಗಳಿಗೆ ನಾಟುವ ಬಲವಾದ ಔಷಧವನ್ನು ಕೊಡುತ್ತಿರುತ್ತೇವೆ ಎಂದು ಅಲ್ಲಿಯ ತರುಣ ವೈದ್ಯೆ ತಿಳಿಸಿದರು. ನಾನು ವೈದ್ಯನಲ್ಲ, ಆಯುಷ್ಯದ ಬಹುಭಾಗವನ್ನು ಮಕ್ಕಳಿಗೆ ಕನ್ನಡ ಪಾಠ ಹೇಳುವುದರಲ್ಲಿ ಕಳೆದವನು. ಆದರೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕಳೆದ ಆ ಎರಡು ರಾತ್ರಿಗಳಲ್ಲಿ, ಹಿಂದೆಂದೋ ಓದಿದ್ದ ಒಬ್ಬ ವೈದ್ಯನ ಚರಿತ್ರೆ ಮತ್ತೆ ಮತ್ತೆ ನೆನಪಿಗೆ ಬಂದಿತು. ಅವನ ಹೆಸರು ಇಗ್ನಾಜ್ ಸೆಮ್ಮೆಲ್‌ವೈಸ್.

ಹಂಗೆರಿ ದೇಶದ ಬುಡಾ ಪಟ್ಟಣದಲ್ಲಿ, ದಿನಸಿ ವ್ಯಾಪಾರಿಯೊಬ್ಬನ ಹತ್ತು ಮಕ್ಕಳಲ್ಲಿ ಐದನೆಯವನಾಗಿ, 1818ರ ಜುಲೈ 1ರಂದು ಆತ ಹುಟ್ಟಿದ. ಬುಡಾ ಮತ್ತು ಪೆಸ್ಟ್ ಆಗಿನ್ನೂ ಡ್ಯಾನ್ಯೂಬ್ ನದಿಯ ಎರಡು ದಡಗಳಲ್ಲಿದ್ದ ಬೇರೆ ಬೇರೆ ಊರುಗಳು. ಮನೆಮಾತು ಜರ್ಮನ್. ಕಾನೂನು ಓದಲೆಂದು 1837ರಲ್ಲಿ ವಿಯೆನ್ನಾಕ್ಕೆ ಹೋದ ಹುಡುಗ ಮರುವರ್ಷವೇ ವೈದ್ಯಶಾಸ್ತ್ರಕ್ಕೆ ಹೊರಳಿದ. 1844ರಲ್ಲಿ ಪದವಿ ಬಂತು. ತಾನು ಬಯಸಿದ ವಿಭಾಗದಲ್ಲಿ ಸ್ಥಾನ ಸಿಗದೆ ಹೆರಿಗೆಯ ವೈದ್ಯಕ್ಕೆ ಬಂದವನು ಆತ. 1846ರ ಜುಲೈಯಲ್ಲಿ ವಿಯೆನ್ನಾದ ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ ಪ್ರೊಫೆಸರ್ ಯೋಹಾನ್ ಕ್ಲೈನನ ಸಹಾಯಕನಾಗಿ ನೇಮಕಗೊಂಡ.

ಆ ಆಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. ಒಂದನೆಯದರಲ್ಲಿ ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಬಡ ಗರ್ಭಿಣಿಯರನ್ನು ದಿನ ಬಿಟ್ಟು ದಿನ ಸರದಿಯ ಮೇಲೆ ಒಂದೊಂದು ವಿಭಾಗಕ್ಕೆ ಸೇರಿಸಿಕೊಳ್ಳುವ ಪದ್ಧತಿ. ಹೀಗೆ ಯಾವ ತಾಯಿ ಯಾವ ವಿಭಾಗಕ್ಕೆ ಸೇರುವಳೆಂಬುದನ್ನು ವಾರವೇ ನಿರ್ಣಯಿಸುತ್ತಿತ್ತು. ಆದರೆ ಒಂದನೆಯ ವಿಭಾಗದಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ತಾಯಂದಿರು ಸೂತಿಕಾ ಜ್ವರದಿಂದ ಸಾಯುತ್ತಿದ್ದರೆ, ಎರಡನೆಯದರಲ್ಲಿ ಸಾಯುತ್ತಿದ್ದವರು ನಾಲ್ಕಕ್ಕಿಂತ ಕಡಿಮೆ. 1846ರಲ್ಲಂತೂ ಒಂದನೆಯ ವಿಭಾಗದಲ್ಲಿ ಹೆತ್ತ 4,010 ಮಂದಿಯಲ್ಲಿ 459 ಮಂದಿ ಮಡಿದರು. ಊರಿನ ಹೆಂಗಸರಿಗೆ ಈ ಗುಟ್ಟು ತಿಳಿದಿತ್ತು. ತಮ್ಮನ್ನು ಒಂದನೆಯ ವಿಭಾಗಕ್ಕೆ ಹಾಕಬೇಡಿರೆಂದು ಅವರು ಮೊಣಕಾಲೂರಿ ಬೇಡುತ್ತಿದ್ದರು. ದಾರಿಯಲ್ಲೇ ಹೆತ್ತು ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಂದವರಿಗೆ ಈ ಜ್ವರ ಅಪರೂಪವಾಗಿತ್ತು. ಬೀದಿಯ ಧೂಳಿನಲ್ಲಿ ಹೆರುವುದು ರಾಜಧಾನಿಯ ಪ್ರಸಿದ್ಧ ಆಸ್ಪತ್ರೆಯಲ್ಲಿ ಹೆರುವುದಕ್ಕಿಂತ ಕ್ಷೇಮಕರ ಎಂಬಂತಾಗಿತ್ತು!

ವಿದ್ವಾಂಸರು ಕಾರಣಗಳನ್ನು ಹೇಳದೆ ಇರಲಿಲ್ಲ. ಗಾಳಿಯಲ್ಲಿರುವ ಕೆಡುಕು, ಭೂಮಿಯಿಂದೇಳುವ ವಿಷಬಾಷ್ಪ, ಜನಸಂದಣಿ, ಭಯ, ಲಜ್ಜೆ ಎಂದು ಒಬ್ಬೊಬ್ಬರದು ಒಂದೊಂದು ವಾದ. ನಮ್ಮ ಅಜ್ಜಿಯ ಕೋಣೆಯ ಕಿಟಕಿಯ ನೆನಪು ನನಗಾದದ್ದು ಇಲ್ಲಿಯೇ. ನಮ್ಮ ಹಳ್ಳಿಯ ಹಿರಿಯರೂ ವಿಯೆನ್ನಾದ ಪ್ರೊಫೆಸರರೂ ಈ ವಿಷಯದಲ್ಲಿ ಅಷ್ಟೇನೂ ದೂರದವರಾಗಿರಲಿಲ್ಲ. ಸೆಮ್ಮೆಲ್‌ವೈಸನಾದರೋ ಲೆಕ್ಕವನ್ನು ನಂಬಿದವನು. ಗಾಳಿಯೇ ಕಾರಣವಾದರೆ ಒಂದೇ ಸೂರಿನಡಿಯ ಎರಡು ವಿಭಾಗಗಳಿಗೆ ಬೇರೆ ಬೇರೆ ಗಾಳಿ ಬೀಸುವುದು ಹೇಗೆ? ಸಂದಣಿಯೇ ಕಾರಣವಾದರೆ, ಎಲ್ಲರೂ ಬಯಸಿ ಹೋಗುತ್ತಿದ್ದ ಎರಡನೆಯ ವಿಭಾಗದಲ್ಲಿಯೇ ಸಂದಣಿ ಹೆಚ್ಚು. ಸಾಯುವವರಿಗೆ ಅಂತ್ಯಸಂಸ್ಕಾರ ನಡೆಸಲು ಬರುತ್ತಿದ್ದ ಪಾದ್ರಿ ಒಂದನೆಯ ವಿಭಾಗದಲ್ಲಿ ಐದು ಕೋಣೆಗಳನ್ನು ಹಾದು ಹೋಗಬೇಕಾಗಿತ್ತು. ಅವನ ಮುಂದೆ ಗಂಟೆ ಬಾರಿಸುತ್ತ ಪರಿಚಾರಕನೊಬ್ಬ ನಡೆಯುತ್ತಿದ್ದ. ಆ ಗಂಟೆಯ ಸದ್ದಿಗೆ ತಾಯಂದಿರು ಹೆದರಿ ಜ್ವರಕ್ಕೆ ತುತ್ತಾಗುವರೇನೋ ಎಂಬ ಊಹೆಯನ್ನೂ ಆತ ತಳ್ಳಿಹಾಕಲಿಲ್ಲ. ಗಂಟೆಯಿಲ್ಲದೆ, ಬೇರೆ ದಾರಿಯಿಂದ ಬರುವಂತೆ ಪಾದ್ರಿಯನ್ನು ಒಪ್ಪಿಸಿದ. ಸಾವು ಕಡಿಮೆಯಾಗಲಿಲ್ಲ. ಎರಡನೆಯ ವಿಭಾಗದಲ್ಲಿ ಮಾಡುತ್ತಿದ್ದಂತೆ ತಾಯಂದಿರನ್ನು ಪಕ್ಕಕ್ಕೆ ಮಲಗಿಸಿ ಹೆರಿಗೆ ಮಾಡಿಸಿ ನೋಡಿದ. ಅದರಿಂದಲೂ ಫಲವಿಲ್ಲ. ಪ್ರತಿ ಬೆಳಿಗ್ಗೆ ಹಿಂದಿನ ದಿನ ಸತ್ತ ತಾಯಂದಿರ ದೇಹಗಳನ್ನು ತಾನೇ ಕೊಯ್ದು ಪರೀಕ್ಷಿಸಿ, ಅಲ್ಲಿಂದ ಹೆರಿಗೆಯ ಕೋಣೆಗೆ ಹೋಗಿ ಬದುಕಿರುವವರನ್ನು ಪರೀಕ್ಷಿಸುತ್ತಿದ್ದ. ಕಾರಣವನ್ನು ಹುಡುಕುತ್ತಿದ್ದ ಆ ಕೈಗಳಲ್ಲಿಯೇ ಕಾರಣವಿತ್ತು.

1847ರ ಮಾರ್ಚ್ ತಿಂಗಳಲ್ಲಿ, ಬಳಲಿದ ಮನಸ್ಸಿಗೆ ವಿಶ್ರಾಂತಿ ಬೇಕೆಂದು ಆತ ವೆನಿಸ್ ನಗರಕ್ಕೆ ಹೋಗಿದ್ದ. ಹಿಂದಿರುಗಿದಾಗ ಮಿತ್ರ ಯಾಕೋಬ್ ಕೊಲೆಚ್ಕನ ಮರಣವಾರ್ತೆ ಕಾದಿತ್ತು. ಕೊಲೆಚ್ಕ ನ್ಯಾಯವೈದ್ಯಶಾಸ್ತ್ರದ ಪ್ರೊಫೆಸರು. ಶವಪರೀಕ್ಷೆ ಮಾಡಿಸುತ್ತಿದ್ದಾಗ ಶಿಷ್ಯನೊಬ್ಬನ ಚಾಕು ಅವನ ಬೆರಳಿಗೆ ತಗುಲಿತು. ಅಷ್ಟು ಸಣ್ಣ ಗಾಯದಿಂದ ತೋಳು ಬಾತು, ಜ್ವರವೇರಿ, ದೇಹದ ಹಲವು ಕಡೆ ಕೀವು ತುಂಬಿ ಆತ ಮಡಿದ. ಅವನ ಶವಪರೀಕ್ಷೆಯ ವರದಿಯನ್ನು ಓದುತ್ತಿದ್ದ ಸೆಮ್ಮೆಲ್‌ವೈಸನಿಗೆ ಅದು ಹೊಸದೆನಿಸಲಿಲ್ಲ. ನೂರಾರು ತಾಯಂದಿರ ದೇಹಗಳಲ್ಲಿ ತಾನು ಕಂಡದ್ದೇ ಅಲ್ಲಿತ್ತು. ಕೊಲೆಚ್ಕ ಗಂಡಸು, ಹೆತ್ತವನಲ್ಲ, ಬಾಣಂತಿಯಲ್ಲ. ಆದರೂ ಅವನನ್ನು ಕೊಂದದ್ದು ಬಾಣಂತಿಯರನ್ನು ಕೊಂದ ವ್ಯಾಧಿಯೇ. ಹೆಣದ ಯಾವುದೋ ಕಣ ಚಾಕುವಿನ ಮೂಲಕ ಅವನ ರಕ್ತವನ್ನು ಸೇರಿತ್ತು. ತಾಯಂದಿರಿಗಾದರೆ ಚಾಕು ಯಾವುದು? ಶವಾಗಾರದಿಂದ ನೇರವಾಗಿ ಬಂದ ವೈದ್ಯರ ಮತ್ತು ವಿದ್ಯಾರ್ಥಿಗಳ ಬೆರಳುಗಳು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದಲೇ ಎರಡನೆಯ ವಿಭಾಗದಲ್ಲಿ ಸಾವು ಕಡಿಮೆ.

ಈ ಅರಿವು ಬಂದ ಕ್ಷಣ ಆತನಿಗೆ ಸಂತೋಷವಾಯಿತೋ ದುಃಖವಾಯಿತೋ ಹೇಳಲಾರೆ. ಎಷ್ಟೋ ತಾಯಂದಿರಿಗೆ ಮೃತ್ಯುವನ್ನು ಹೊತ್ತು ತಂದವನು ತಾನೇ ಎಂಬುದನ್ನು ಆತ ಮುಂದೆ ತನ್ನ ಗ್ರಂಥದಲ್ಲಿ ಮರೆಮಾಚದೆ ಒಪ್ಪಿಕೊಂಡಿದ್ದಾನೆ. ಇಂಥ ಒಪ್ಪಿಗೆ ಎಲ್ಲರಿಂದಲೂ ಆಗುವಂಥದಲ್ಲ. ಕೀಲ್ ನಗರದ ಮೈಕೇಲಿಸ್ ಎಂಬ ಹೆರಿಗೆಯ ವೈದ್ಯ ಸೆಮ್ಮೆಲ್‌ವೈಸನ ಮಾತನ್ನು ಮೊದಲಿಗೇ ನಂಬಿದವರಲ್ಲಿ ಒಬ್ಬ. ನಂಬಿದ್ದರಿಂದಲೇ, ತಾನು ಹೆರಿಗೆ ಮಾಡಿಸಿದ್ದ ಬಂಧುವೊಬ್ಬಳ ಸಾವಿಗೆ ತಾನೇ ಕಾರಣನೆಂಬ ವ್ಯಥೆಯಿಂದ 1848ರಲ್ಲಿ ಪ್ರಾಣ ಕಳೆದುಕೊಂಡ.

1847ರ ಮೇ ತಿಂಗಳ ನಡುವಿನಿಂದ ಒಂದನೆಯ ವಿಭಾಗದ ಬಾಗಿಲಲ್ಲಿ ಕ್ಲೋರಿನ್ ನೀರಿನ ಬೋಗುಣಿ ಬಂತು. ಕೆಲದಿನಗಳಲ್ಲಿ ಖರ್ಚು ಕಡಿಮೆಯೆಂದು ಅದರ ಬದಲು ಸುಣ್ಣದ ಕ್ಲೋರೈಡು, ಅಂದರೆ ನಮ್ಮ ಬಾವಿಗಳಿಗೆ ಹಾಕುವ ಬ್ಲೀಚಿಂಗ್ ಪುಡಿಯ ನೀರು. ಹೆಣದ ವಾಸನೆ ಸೋಪಿನಿಂದ ಹೋಗದೆ ಇದರಿಂದ ಹೋಗುತ್ತಿತ್ತು. ವಾಸನೆ ಹೋದರೆ ಕಣವೂ ಹೋದೀತೆಂಬುದಷ್ಟೇ ಅವನ ತರ್ಕ. ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟನ್ನು ಮೀರಿದ್ದ ಸಾವು ಜೂನ್ ತಿಂಗಳಿಗೆ ಎರಡು ಚಿಲ್ಲರೆಗೆ ಇಳಿಯಿತು. ಜುಲೈಯಲ್ಲಿ ಒಂದು ಚಿಲ್ಲರೆ. 1848ರ ಇಡೀ ವರ್ಷದಲ್ಲಿ 3,556 ಹೆರಿಗೆಗಳಲ್ಲಿ ಸತ್ತವರು 45 ಮಂದಿ. ಆ ವರ್ಷದ ಎರಡು ತಿಂಗಳುಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ. ನಡುವೆ ಒಂದು ಎಡವೂ ಆಯಿತು. 1847ರ ಅಕ್ಟೋಬರಿನಲ್ಲಿ ಗರ್ಭಕೋಶದ ಹುಣ್ಣಿನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳು ಮೊದಲ ಹಾಸಿಗೆಯಲ್ಲಿದ್ದಳು. ಅವಳನ್ನು ಪರೀಕ್ಷಿಸಿದ ಮೇಲೆ ಕ್ಲೋರಿನ್ ನೀರಿಲ್ಲದೆ ಸಾಲಾಗಿ ಪರೀಕ್ಷಿಸಿದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ತೀರಿಕೊಂಡರು. ವಿಷ ಹೆಣದಲ್ಲಿ ಮಾತ್ರವಲ್ಲ, ಜೀವಂತ ದೇಹದಲ್ಲಿಯೂ ಇರಬಲ್ಲುದು ಎಂಬ ಪಾಠವನ್ನು ಅಷ್ಟು ದುಬಾರಿ ಬೆಲೆ ತೆತ್ತು ಕಲಿಯಬೇಕಾಯಿತು. ಅಂದಿನಿಂದ ಒಬ್ಬೊಬ್ಬರನ್ನು ಮುಟ್ಟಿದ ಮೇಲೂ ಕೈ ತೊಳೆಯುವ ನಿಯಮ.

ಇಷ್ಟಾದ ಮೇಲೆ ಲೋಕ ಅವನನ್ನು ತಲೆಯ ಮೇಲೆ ಹೊತ್ತಿರಬೇಕೆಂದು ವಾಚಕರು ನಿರೀಕ್ಷಿಸಬಹುದು. ಹಾಗಾಗಲಿಲ್ಲ. ವೈದ್ಯನ ಕೈಯೇ ಕೊಲ್ಲುತ್ತದೆಂಬ ಮಾತು ಯಾವ ವೈದ್ಯನಿಗೆ ರುಚಿಸೀತು? ಕ್ಲೈನನಿಗೆ ಸಹಾಯಕನ ಮೇಲೆ ಮೊದಲೇ ಮನಸ್ಸಿರಲಿಲ್ಲ. 1849ರಲ್ಲಿ ಅವನ ಅವಧಿ ಮುಗಿದಾಗ ಮುಂದುವರಿಸಲಿಲ್ಲ. ಹೆಬ್ರಾ, ಸ್ಕೋಡಾ, ರೊಕಿಟಾನ್ಸ್ಕಿಯಂಥ ಘನ ವಿದ್ವಾಂಸರು ಅವನ ಪಕ್ಷದಲ್ಲಿದ್ದರು ನಿಜ. ಆದರೆ ಎದುರಾಳಿಗಳೆಲ್ಲರೂ ಮೂರ್ಖರೂ ದುಷ್ಟರೂ ಆಗಿದ್ದರೆಂದು ಬರೆಯುವವರ ಜೊತೆ ನಾನು ಸೇರಲಾರೆ. ಅವರು ಕೇಳಿದ ಪ್ರಶ್ನೆಯೊಂದಕ್ಕೆ ತೂಕವಿತ್ತು: ಆ ಕಣ ಎಂದರೇನು? ಅದನ್ನು ಕಂಡವರುಂಟೆ? ಸೆಮ್ಮೆಲ್‌ವೈಸ್ ಅದನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುವ ಗೋಜಿಗೆ ಹೋಗಲಿಲ್ಲ. ಕೊಳೆತ ದ್ರವ್ಯವೆಂದು ಕರೆದು ಸುಮ್ಮನಾದ. ಅದಕ್ಕೆ ಜೀವವಿದೆಯೆಂಬುದು ಅವನಿಗೆ ಹೊಳೆಯಲಿಲ್ಲ. ಬರೆದು ಪ್ರಕಟಿಸಿರೆಂದು ಗೆಳೆಯರು ಒತ್ತಾಯಿಸಿದರೂ ವರ್ಷಗಟ್ಟಲೆ ಲೇಖನಿ ಹಿಡಿಯಲಿಲ್ಲ. ಅವನ ಶೋಧವನ್ನು ಮೊದಲು ಅಚ್ಚಿಗೆ ತಂದವನು ಹೆಬ್ರಾ. 1850ರಲ್ಲಿ ಕೊನೆಗೂ ಬೋಧಕನ ಸ್ಥಾನ ದೊರೆತಾಗ, ಬೊಂಬೆಯ ಮೇಲೆ ಮಾತ್ರ ಪಾಠ ಹೇಳಬೇಕೆಂಬ ಷರತ್ತನ್ನು ಅಪಮಾನವೆಂದು ಬಗೆದು, ಉಪಕರಿಸಿದ ಗೆಳೆಯರಿಗೂ ಹೇಳದೆ ವಿಯೆನ್ನಾವನ್ನು ಬಿಟ್ಟುಹೋದ. ಆ ಗೆಳೆಯರಲ್ಲಿ ಕೆಲವರು ಅದನ್ನು ಕ್ಷಮಿಸಲಿಲ್ಲ.

ಪೆಸ್ಟ್ ನಗರದ ಸಣ್ಣದೊಂದು ಆಸ್ಪತ್ರೆಯಲ್ಲಿ 1851ರಿಂದ ಆರು ವರ್ಷ ದುಡಿದ. ಅಲ್ಲಿನ 933 ಹೆರಿಗೆಗಳಲ್ಲಿ ಈ ಜ್ವರದಿಂದ ಸತ್ತವರು ಎಂಟೇ ಮಂದಿ. 1855ರಲ್ಲಿ ಪ್ರೊಫೆಸರನಾದ, 1857ರಲ್ಲಿ ತನಗಿಂತ ಬಹಳ ಕಿರಿಯಳಾದ ಮರಿಯಾಳನ್ನು ಮದುವೆಯಾದ. ಐದು ಮಕ್ಕಳಾದವು; ಮೊದಲಿನ ಎರಡು ಉಳಿಯಲಿಲ್ಲ. 1861ರ ವರ್ಷವನ್ನು ಹೊತ್ತು ಅವನ ದೊಡ್ಡ ಗ್ರಂಥ ಹೊರಬಂತು. ಅದು ಅಂಕಿಅಂಶಗಳೂ ಆಕ್ರೋಶವೂ ಹೆಣೆದುಕೊಂಡು ಓದಲು ಕಷ್ಟವಾದ ಪುಸ್ತಕ. ಅದಕ್ಕೆ ದೊರೆತ ತಣ್ಣನೆಯ ಸ್ವಾಗತದಿಂದ ಕನಲಿ, ತನ್ನ ಮಾತನ್ನು ಒಪ್ಪದ ಪ್ರೊಫೆಸರರನ್ನು ಹೆಸರು ಹಿಡಿದು ಕೊಲೆಗಾರರೆಂದು ಜರೆಯುವ ಬಹಿರಂಗ ಪತ್ರಗಳನ್ನು ಅಚ್ಚು ಹಾಕಿಸಿದ. ಅವನ ಕೋಪ ಅನ್ಯಾಯದ್ದಲ್ಲ. ದಿನದಿನವೂ ಎಲ್ಲೋ ತಾಯಿಯೊಬ್ಬಳು ಸಾಯುತ್ತಿದ್ದಳು. ಆದರೆ ಕೋಪದಿಂದ ಒಂದು ಕೈಯೂ ತೊಳೆಯಲ್ಪಟ್ಟಂತೆ ಕಾಣುವುದಿಲ್ಲ.

1865ರಲ್ಲಿ ಅವನ ಬುದ್ಧಿ ಕದಡಿತು. ಯಾವ ಕಾಯಿಲೆಯಿಂದ ಎಂಬ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ. ಜುಲೈ ತಿಂಗಳ ಕೊನೆಗೆ ಹೆಂಡತಿ ಅವನನ್ನು ವಿಯೆನ್ನಾಕ್ಕೆ ಕರೆತಂದಳು. ಹಳೆಯ ಗೆಳೆಯ ಹೆಬ್ರಾ ಹೊಸ ಆರೋಗ್ಯಧಾಮವೊಂದನ್ನು ತೋರಿಸುವೆನೆಂಬ ನೆವದಿಂದ ಅವನನ್ನು ಹುಚ್ಚಾಸ್ಪತ್ರೆಗೆ ಕರೆದೊಯ್ದ. ಮೋಸವನ್ನರಿತು ಹೊರಬರಲು ಹೆಣಗಿದಾಗ ಕಾವಲಿನವರು ಅವನನ್ನು ಹೊಡೆದು ಬಿಗಿಯಂಗಿ ತೊಡಿಸಿ ಕತ್ತಲ ಕೋಣೆಗೆ ದೂಡಿದರು. ಎರಡು ವಾರ ಕಳೆಯಿತು. ಬಲಗೈಯ ಬೆರಳಿನ ಗಾಯ ಕೊಳೆತು, ಕೀವು ರಕ್ತಕ್ಕೇರಿ, ಆಗಸ್ಟ್ 13ರಂದು ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ ಆತ ಸತ್ತ. ಕೊಲೆಚ್ಕ ಸತ್ತದ್ದೂ ಹೀಗೆಯೇ. ಆ ತಾಯಂದಿರು ಸತ್ತದ್ದೂ ಹೀಗೆಯೇ. ಅವನ ದೇಹವನ್ನು ಕೊಯ್ದು ಪರೀಕ್ಷಿಸಿದ್ದು ಅವನು ದುಡಿದ ಆ ದೊಡ್ಡ ಆಸ್ಪತ್ರೆಯಲ್ಲಿಯೇ. ಅವನ ಸಾವಿನ ಹಿಂದಿನ ದಿನ, ದೂರದ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯ ಕಾಲು ಮುರಿದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದ.

ಆ ಕಣದ ರೂಪ ತಿಳಿದದ್ದು ಹದಿನಾಲ್ಕು ವರ್ಷಗಳ ಮೇಲೆ. 1879ರ ಮಾರ್ಚಿನಲ್ಲಿ ಪ್ಯಾರಿಸ್ಸಿನ ವೈದ್ಯ ಅಕಾಡೆಮಿಯಲ್ಲಿ ಸೂತಿಕಾ ಜ್ವರದ ಚರ್ಚೆ ನಡೆಯುತ್ತಿದ್ದಾಗ ಲೂಯಿ ಪಾಸ್ಟರ್ ನಡುವೆ ಎದ್ದು, ಜಪಮಣಿಗಳನ್ನು ಪೋಣಿಸಿದಂತಿರುವ ಸೂಕ್ಷ್ಮಜೀವಿಯ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ. ಇಂದು ಅದನ್ನು ಸ್ಟ್ರೆಪ್ಟೊಕಾಕಸ್ ಎನ್ನುತ್ತೇವೆ. ರಕ್ತವನ್ನು ಪೋಷಕ ದ್ರವದಲ್ಲಿಟ್ಟು ಅದರೊಳಗಿನ ಕ್ರಿಮಿಯನ್ನು ಬೆಳೆಸಿ ಗುರುತಿಸುವ ವಿಧಾನ ಆ ಕಾಲದ ಸಂತಾನವೇ. ನನ್ನ ತಂಗಿಯ ಮಗಳ ರಕ್ತ ಹೋದದ್ದೂ ಅದೇ ದಾರಿಯಲ್ಲಿ: ಮೈಬಿಸಿಯಷ್ಟು ಕಾವಿನಲ್ಲಿ ಸೀಸೆಯನ್ನಿಟ್ಟು ಒಂದೆರಡು ದಿನ ಕಾಯುವುದು, ಬೆಳೆದದ್ದನ್ನು ಬಣ್ಣ ಹಾಕಿ ನೋಡುವುದು, ತಟ್ಟೆಯಲ್ಲಿ ಮತ್ತೆ ಬೆಳೆಸುವುದು, ಯಾವ ಔಷಧಕ್ಕೆ ಬಗ್ಗುವುದೆಂದು ಪರೀಕ್ಷಿಸುವುದು. ಬಿತ್ತಿದ್ದು ರಾಗಿಯೋ ನವಣೆಯೋ ಎಂದು ತಿಳಿಯಲು ಪೈರು ಬರುವ ತನಕ ಗದ್ದೆಯ ಬದುವಿನಲ್ಲಿ ಕುಳಿತಂತೆ. ಇಲ್ಲಿ ಗದ್ದೆಯೆಂದರೆ ಒಂದು ಜೀವ. ಔಷಧ ಮೊದಲೇ ಕೊಟ್ಟಿದ್ದರೆ ಎಷ್ಟೋ ವೇಳೆ ಬೀಜ ಮೊಳೆಯುವುದೇ ಇಲ್ಲ.

ಇದಕ್ಕಿಂತ ಬೇಗನೆ ತಿಳಿಯುವ ದಾರಿಯಿಲ್ಲವೇ ಎಂದು ನಾನು ಆ ವೈದ್ಯೆಯನ್ನು ಎರಡನೆಯ ರಾತ್ರಿ ಕೇಳಿದೆ. ಮೇಷ್ಟರೆಂದು ಗೌರವವಿಟ್ಟು, ನಿಂತುಕೊಂಡೇ ಅವರು ವಿವರಿಸಿದರು. ಪ್ರತಿಯೊಂದು ಜೀವಿಯ ಒಳಗೂ ಡಿ.ಎನ್.ಎ. ಎಂಬ ಎಳೆಯಲ್ಲಿ ನಾಲ್ಕೇ ಅಕ್ಷರಗಳ ಲಿಪಿಯಿಂದ ಅದರ ಸ್ವಭಾವವೆಲ್ಲ ಬರೆದಿದೆ. ಆ ಅಕ್ಷರಗಳ ಸಾಲನ್ನು ಓದುವ ಸಮರ್ಥ ವಿಧಾನವನ್ನು 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ಕಂಡುಹಿಡಿದ. ಪೂರ್ತಿಯಾಗಿ ಓದಲಾದ ಮೊದಲ ಬ್ಯಾಕ್ಟೀರಿಯಾದ ಲಿಪಿ 1995ರಲ್ಲಿ ಹೊರಬಂತು. ಸೂತಿಕಾ ಜ್ವರದ ಸ್ಟ್ರೆಪ್ಟೊಕಾಕಸ್ಸಿನದು, ಸುಮಾರು ಹದಿನೆಂಟೂವರೆ ಲಕ್ಷ ಅಕ್ಷರಗಳದ್ದು, 2001ರಲ್ಲಿ. ಕ್ರಿಮಿಯನ್ನು ಗುರುತಿಸಲು ಇಡೀ ಗ್ರಂಥ ಬೇಕಾಗಿಲ್ಲ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಆದರೆ ಜಾತಿಯಿಂದ ಜಾತಿಗೆ ಸ್ವಲ್ಪ ಸ್ವಲ್ಪ ಬದಲಾಗುವ, ಸುಮಾರು ಒಂದೂವರೆ ಸಾವಿರ ಅಕ್ಷರಗಳ ಒಂದು ಭಾಗವೇ ಅನೇಕ ವೇಳೆ ಸಾಕು. ಹಳೆಯ ಓಲೆಗರಿಯ ಮುರಿದ ತುಂಡೊಂದನ್ನು ಓದಿ, ಇದು ಪಂಪನದು, ಇದು ರನ್ನನದು ಎಂದು ನಮ್ಮ ವಿದ್ವಾಂಸರು ಹೇಳುವುದಿಲ್ಲವೇ? ಅಂಗೈಯಗಲದ ಯಂತ್ರಗಳೂ ಈಗ ಬಂದಿವೆ. ಅತಿ ಸೂಕ್ಷ್ಮವಾದ ರಂಧ್ರದೊಳಗಿಂದ ಎಳೆ ಹಾಯುವಾಗ ವಿದ್ಯುತ್ತಿನಲ್ಲಿ ಆಗುವ ಏರಿಳಿತದಿಂದ ಅಕ್ಷರಗಳನ್ನು ಅವು ಆಗಿಂದಾಗಲೇ ಓದುತ್ತವೆ. ಸೀಸೆಯಲ್ಲಿ ಕ್ರಿಮಿ ಬೆಳೆದ ಸೂಚನೆ ಸಿಕ್ಕಿದರೆ, ಉಳಿದ ದಿನಗಳ ಕೆಲಸವನ್ನು ಇವು ಗಂಟೆಗಳಲ್ಲಿ ಮುಗಿಸಬಲ್ಲವು.

ಹಾಗಾದರೆ ಸೀಸೆಯೇ ಏಕೆ, ನೇರವಾಗಿ ರಕ್ತವನ್ನೇ ಓದಬಾರದೇಕೆ ಎಂದೆ. ಅವರು ನಕ್ಕರು. ಒಂದು ಮಿಲಿಲೀಟರ್ ರಕ್ತದಲ್ಲಿ ಇಂಥ ಕ್ರಿಮಿಗಳು ಅನೇಕ ವೇಳೆ ಹತ್ತೂ ಇರುವುದಿಲ್ಲ. ಅಷ್ಟೇ ರಕ್ತದಲ್ಲಿ ನಮ್ಮವೇ ಬಿಳಿಯ ಕಣಗಳು ಹತ್ತಾರು ಲಕ್ಷ. ಒಂದೊಂದರಲ್ಲಿಯೂ ಸುಮಾರು ಆರುನೂರು ಕೋಟಿ ಅಕ್ಷರಗಳು. ರಾಗಿಯ ಕಣಜದಲ್ಲಿ ಬಿದ್ದ ಒಂದು ಸಾಸಿವೆಯನ್ನು ಹುಡುಕುವ ಕೆಲಸ. ಮನುಷ್ಯನ ಎಳೆಗಳನ್ನು ಮೊದಲು ತೆಗೆದುಹಾಕುವ ಉಪಾಯಗಳಿವೆ. ಆದರೂ ಚರ್ಮದಿಂದಲೋ ಔಷಧದ್ರವದಿಂದಲೋ ಸೇರಿಕೊಂಡ ಬೇರೆ ಕ್ರಿಮಿಯ ಚೂರು ಕಳ್ಳಸಾಕ್ಷಿ ಹೇಳುವುದುಂಟು. ಸತ್ತ ಕ್ರಿಮಿಯ ಲಿಪಿಯೂ ಬದುಕಿದ್ದರ ಲಿಪಿಯೂ ಒಂದೇ. ಯಾವ ಔಷಧಕ್ಕೆ ಬಗ್ಗುವುದೆಂಬುದನ್ನು ಲಿಪಿಯಿಂದ ಊಹಿಸಬಹುದಾದರೂ ಪ್ರತಿಸಲವೂ ನಂಬುವಂತಿಲ್ಲ. ಆದ್ದರಿಂದ ಸೀಸೆಗಳನ್ನು ಯಾರೂ ಎಸೆದಿಲ್ಲ. ದೊಡ್ಡ ಸಂಶೋಧನಾಲಯಗಳಲ್ಲಿ ಎರಡೂ ಜೊತೆಯಲ್ಲಿ ನಡೆಯುತ್ತಿವೆ. ತಮ್ಮ ಆಸ್ಪತ್ರೆಗೆ ಆ ಯಂತ್ರ ಇನ್ನೂ ಬಂದಿಲ್ಲ ಎಂದು ಹೇಳಿ ಅವರು ಒಳಗೆ ಹೋದರು.

ಬೆಂಚಿನ ಮೇಲೆ ಒಬ್ಬನೇ ಕುಳಿತು ಯೋಚಿಸಿದೆ. ಹೆಸರು ತಿಳಿಯದೆಯೇ ಶತ್ರುವನ್ನು ಬಾಗಿಲಲ್ಲಿ ತಡೆಯಬಹುದೆಂದು ತೋರಿಸಿದವನು ಸೆಮ್ಮೆಲ್‌ವೈಸ್. ಬಾಗಿಲು ದಾಟಿ ಅದು ರಕ್ತಕ್ಕಿಳಿದ ಮೇಲೆ ಅವನ ಬಳಿ ಏನೂ ಇರಲಿಲ್ಲ. ಅವನ ಪಾಲಿಗೂ ಯಾರ ಬಳಿಯೂ ಏನೂ ಇರಲಿಲ್ಲ. ಕೊಲೆಚ್ಕನ ರಕ್ತದಲ್ಲಿ ಇದ್ದದ್ದು ಯಾವ ಕ್ರಿಮಿ, ಸೆಮ್ಮೆಲ್‌ವೈಸನ ರಕ್ತದಲ್ಲಿ ಯಾವುದು, ನಮ್ಮ ಅಜ್ಜಿಯ ರಕ್ತದಲ್ಲಿ ಯಾವುದು ಎಂದು ಕೇಳಿದವರಿಲ್ಲ, ಹೇಳುವವರೂ ಇಲ್ಲ. ನಾನು ಮಾತ್ರ ಕಿಟಕಿ ತೆರೆದ ಆ ಅಜ್ಞಾತ ಬಂಧುವಿನ ಮೇಲಿದ್ದ ಮನೆತನದ ದೂರನ್ನು ಆ ರಾತ್ರಿ ಮನಸ್ಸಿನಲ್ಲೇ ವಜಾ ಮಾಡಿದೆ.

ಮೂರನೆಯ ದಿನ ಮಧ್ಯಾಹ್ನ ಹೆಸರು ಬಂತು. ಪಾಸ್ಟರ್ ಬರೆದು ತೋರಿಸಿದ ಆ ಜಪಮಾಲೆಯೇ. ಬಲವಾದ ಔಷಧವನ್ನು ನಿಲ್ಲಿಸಿ, ಈ ಕ್ರಿಮಿ ಇಂದಿಗೂ ತಪ್ಪದೆ ಬಗ್ಗುವ ಹಳೆಯ ಪೆನಿಸಿಲಿನ್ನನ್ನೇ ಕೊಡತೊಡಗಿದರು. ಅದರ ಮರುದಿನ ಹುಡುಗಿ ಎದ್ದು ಕುಳಿತು ಗಂಜಿ ಕೇಳಿದಳು. ತಂಗಿ ಮಗುವನ್ನು ತಂದು ನನ್ನ ಕೈಗೆ ಕೊಡಲು ಬಂದಳು. ನಾನು ಎರಡೂ ಕೈ ಚಾಚಿದೆ. ಅಷ್ಟರಲ್ಲಿ ದಾದಿ ನಡುವೆ ಬಂದು, ಹೊರಗಿನಿಂದ ಬಂದವರು ಕೈ ತೊಳೆದಿರಾ ಎಂದು ಕೇಳಿದಳು. ತೊಳೆದಿರಲಿಲ್ಲ. ಮೂರು ದಿನದಿಂದ ಸೆಮ್ಮೆಲ್‌ವೈಸನನ್ನೇ ಧ್ಯಾನಿಸುತ್ತಿದ್ದವನು ತಲೆ ತಗ್ಗಿಸಿಕೊಂಡು ನಲ್ಲಿಯ ಕಡೆಗೆ ನಡೆದೆ.